ಪ್ರಶ್ನೋತ್ತರ: ಮೂತ್ರಕೋಶದ ಕ್ಯಾನ್ಸರ್ ಪತ್ತೆಗೆ ಲಿಕ್ವಿಡ್ ಬಯಾಪ್ಸಿ ಸಾಕೇ?

ಪ್ರಶ್ನೆ (ದಾವಣಗೆರೆಯ ಸದಸ್ಯರು): ಡಾಕ್ಟರಿಗೆ ನಮಸ್ಕಾರ. ನನ್ನ ತಂದೆಯವರಿಗೆ 63 ವರ್ಷ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೀಡಿ ಸೇದಿದವರು, ಸಕ್ಕರೆ ಕಾಯಿಲೆಯೂ ಇದೆ. ಎರಡು ತಿಂಗಳ ಹಿಂದೆ ಒಂದು ದಿನ ಅವರ ಮೂತ್ರ ಟೊಮೆಟೊ ಸಾರಿನ ಬಣ್ಣಕ್ಕೆ ತಿರುಗಿತ್ತು; ನೋವಾಗಲಿ ಉರಿಯಾಗಲಿ ಇರಲಿಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ಸೋಂಕಿರಬಹುದೆಂದು ಐದು ದಿನದ ಮಾತ್ರೆ ಕೊಟ್ಟರು, ಮರುದಿನವೇ ಬಣ್ಣ ತಿಳಿಯಾಯಿತು. ಈಗ ನಾವು ತೋರಿಸಿದ ಮೂತ್ರರೋಗ ತಜ್ಞರು ಸಿಸ್ಟೋಸ್ಕೋಪಿ, ಅಂದರೆ ಮೂತ್ರನಾಳದ ಮೂಲಕ ಕ್ಯಾಮೆರಾ ಇರುವ ಕೊಳವೆ ಹಾಕಿ ಮೂತ್ರಕೋಶದ ಒಳಗೆ ನೋಡುವ ಪರೀಕ್ಷೆ, ಆಗಲೇಬೇಕೆನ್ನುತ್ತಾರೆ, ಅಪ್ಪ ಕೊಳವೆ ಹಾಕಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿದಿದ್ದಾರೆ. ಒಂದು ಟ್ಯೂಬ್ ರಕ್ತ ಕೊಟ್ಟರೆ ಹಲವು ಕ್ಯಾನ್ಸರ್‌ಗಳನ್ನು ಮೊದಲೇ ಪತ್ತೆ ಮಾಡುವ ಲಿಕ್ವಿಡ್ ಬಯಾಪ್ಸಿಯ ಜಾಹೀರಾತನ್ನು ತಮ್ಮ ಕಳುಹಿಸಿದ್ದಾನೆ. ಅದನ್ನು ಮಾಡಿಸಿದರೆ ಆಗದೇ?

ಉತ್ತರ (ಮೂತ್ರರೋಗ ತಜ್ಞ): ನಮಸ್ಕಾರ. ಮೊದಲಿಗೇ ಹೇಳಿಬಿಡುತ್ತೇನೆ: ನಿಮ್ಮ ತಂದೆಯವರಿಗೆ ಸಿಸ್ಟೋಸ್ಕೋಪಿಯೇ ಆಗಬೇಕು, ಈ ವಾರವೇ ಆದರೆ ಒಳ್ಳೆಯದು. ನೋವಿಲ್ಲದೆ ಕಣ್ಣಿಗೆ ಕಾಣುವಂತೆ ರಕ್ತ ಹೋಗುವುದು ಮೂತ್ರಕೋಶದ ಕ್ಯಾನ್ಸರಿನ ಅತಿ ಸಾಮಾನ್ಯವಾದ ಮೊದಲ ಸೂಚನೆ. ಹೀಗೆ ರಕ್ತ ಕಂಡವರನ್ನು ಪೂರ್ತಿಯಾಗಿ ಪರೀಕ್ಷಿಸಿದ ಅನೇಕ ಅಧ್ಯಯನಗಳಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಯಲ್ಲಿ ಮೂತ್ರವ್ಯೂಹದ ಯಾವುದಾದರೊಂದು ಕ್ಯಾನ್ಸರ್ ಸಿಕ್ಕಿದೆ. ಬೀಡಿಯ ಹಿನ್ನೆಲೆ ಇರುವವರಲ್ಲಿ ಈ ಭಯ ಇನ್ನೂ ಹೆಚ್ಚು. ಮಾತ್ರೆ ತೆಗೆದುಕೊಂಡ ಮೇಲೆ ಬಣ್ಣ ತಿಳಿಯಾದದ್ದನ್ನು ಗುಣವಾಯಿತೆಂದು ತಿಳಿಯಬೇಡಿ. ಗಡ್ಡೆಯಿಂದ ರಕ್ತ ಒಸರಿ ತಾನಾಗಿಯೇ ನಿಲ್ಲುವುದು, ವಾರಗಟ್ಟಲೆ ಕಳೆದು ಮತ್ತೆ ಕಾಣಿಸಿಕೊಳ್ಳುವುದು ಈ ರೋಗದ ಸ್ವಭಾವವೇ ಆಗಿದೆ. ಆ ನಡುವಿನ ತಿಳಿ ದಿನಗಳನ್ನು ನಂಬಿ ಆರು ತಿಂಗಳು ಕಳೆದು ಬಂದವರನ್ನು ನಾನು ಮತ್ತೆ ಮತ್ತೆ ನೋಡುತ್ತಿರುವುದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ರಕ್ತದ ಲಿಕ್ವಿಡ್ ಬಯಾಪ್ಸಿಯ ಮಾತು. ಸಾಯುವ ಜೀವಕೋಶಗಳಿಂದ ಡಿಎನ್‌ಎ ತುಣುಕುಗಳು ಹೊರಬೀಳುತ್ತವೆ. ಅವುಗಳಲ್ಲಿ ಕ್ಯಾನ್ಸರಿನ ಗುರುತು ಹೊತ್ತವನ್ನು ಹುಡುಕುವುದೇ ಈ ಪರೀಕ್ಷೆ. ಆದರೆ ಮೂತ್ರಕೋಶದ ಗಡ್ಡೆ ಇನ್ನೂ ಒಳಪದರದಲ್ಲಿರುವಾಗ, ಅಂದರೆ ನಾವು ಹಿಡಿಯಬೇಕಾದ ಹೊತ್ತಿನಲ್ಲಿ, ಅದರಿಂದ ರಕ್ತಕ್ಕೆ ಸೇರುವ ತುಣುಕುಗಳು ತೀರಾ ಕಡಿಮೆ. ಆದ್ದರಿಂದ ರಕ್ತದ ವರದಿ ‘ನೆಗೆಟಿವ್’ ಎಂದು ಬಂದರೂ ಗಡ್ಡೆ ಒಳಗೇ ಇರಬಹುದು. ಈ ಗಡ್ಡೆ ಹಗಲಿರುಳೂ ನೆನೆಯುತ್ತಿರುವುದು ಮೂತ್ರದಲ್ಲಿ. ಅದರಿಂದ ಉದುರಿದ ಜೀವಕೋಶಗಳೂ ಡಿಎನ್‌ಎಯೂ ನೇರವಾಗಿ ಮೂತ್ರಕ್ಕೇ ಬೀಳುತ್ತವೆ. ಹಾಗಾಗಿ ಮೂತ್ರಕೋಶದ ಮಟ್ಟಿಗೆ ಲಿಕ್ವಿಡ್ ಬಯಾಪ್ಸಿಯ ನಿಜವಾದ ಭರವಸೆ ಇರುವುದು ಮೂತ್ರದಲ್ಲೇ.

ಇದು ಹೊಸ ಆಲೋಚನೆಯಲ್ಲ. ಗರ್ಭಕೊರಳಿನ ಕ್ಯಾನ್ಸರ್ ಪತ್ತೆಗೆ ಬಳಸುವ ಪ್ಯಾಪ್ ಪರೀಕ್ಷೆಗೆ ಹೆಸರು ಕೊಟ್ಟ ವೈದ್ಯ ಪಾಪಾನಿಕೊಲೌ 1945ರಲ್ಲಿಯೇ ಮಾರ್ಷಲ್ ಅವರೊಂದಿಗೆ ಮೂತ್ರದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕ್ಯಾನ್ಸರ್ ಗುರುತಿಸುವ ವಿಧಾನವನ್ನು ಪ್ರಕಟಿಸಿದ್ದರು. ಇಂದಿಗೂ ಬಳಕೆಯಲ್ಲಿರುವ ಆ ಸೈಟಾಲಜಿ ಉಗ್ರ ಸ್ವಭಾವದ ಹೈ ಗ್ರೇಡ್ ಗಡ್ಡೆಗಳನ್ನು ಚೆನ್ನಾಗಿ ಹಿಡಿಯುತ್ತದೆ. ಲೋ ಗ್ರೇಡ್ ಗಡ್ಡೆಯ ಜೀವಕೋಶಗಳು ಮಾತ್ರ ಆರೋಗ್ಯವಂತ ಜೀವಕೋಶಗಳನ್ನೇ ಹೋಲುವುದರಿಂದ ಅದರ ಕಣ್ಣು ತಪ್ಪಿಸುತ್ತವೆ. ಆ ಕೊರತೆ ತುಂಬಲೆಂದೇ ಜೀನ್ ಆಧಾರಿತ ಪರೀಕ್ಷೆಗಳು ಬಂದಿವೆ: ನ್ಯೂಜಿಲೆಂಡಿನಲ್ಲಿ ರೂಪುಗೊಂಡ ಸಿಎಕ್ಸ್‌ಬ್ಲಾಡರ್ ಮೂತ್ರದಲ್ಲಿನ ಐದು ಜೀನ್‌ಗಳ ಆರ್‌ಎನ್‌ಎ ಅಳೆಯುತ್ತದೆ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ತಂಡ 2018ರಲ್ಲಿ ಪ್ರಕಟಿಸಿದ ಯೂರೋಸೀಕ್ ಹನ್ನೊಂದು ಜೀನ್‌ಗಳಲ್ಲಿ ರೂಪಾಂತರಗಳನ್ನು (ಮ್ಯುಟೇಶನ್, ಅಂದರೆ ಡಿಎನ್‌ಎಯಲ್ಲಾದ ಬದಲಾವಣೆ) ಹುಡುಕುತ್ತದೆ. ಇವು ಬೆಲೆಯುಳ್ಳ ಕೆಲಸಗಳೇ. ಆದರೂ ವರದಿ ಪಾಸಿಟಿವ್ ಬಂದರೆ ಗಡ್ಡೆ ಎಲ್ಲಿದೆ, ಎಷ್ಟಿದೆ ಎಂದು ನೋಡಲು ಸಿಸ್ಟೋಸ್ಕೋಪಿ ಬೇಕು. ನೆಗೆಟಿವ್ ಬಂದರೂ ಕಣ್ಣಿಗೆ ರಕ್ತ ಕಂಡವರಲ್ಲಿ ಅಷ್ಟಕ್ಕೇ ನೆಚ್ಚಿ ಕೂರುವಂತಿಲ್ಲ. ಎರಡೂ ದಾರಿ ಅಲ್ಲಿಗೇ ತಲುಪುವಾಗ ನಡುವೆ ಹಣವನ್ನೂ ದಿನಗಳನ್ನೂ ಏಕೆ ಕಳೆಯಬೇಕು?

ಅಪ್ಪನ ಭಯವನ್ನು ಹಗುರವಾಗಿ ಕಾಣಬೇಡಿ. ಬಾಗುವ ಸಿಸ್ಟೋಸ್ಕೋಪ್ ಸುಮಾರು 5 ಮಿಲಿಮೀಟರ್ ದಪ್ಪದ್ದು, ಸಾಧಾರಣ ಪೆನ್ಸಿಲ್‌ಗಿಂತ ಸಣ್ಣದು. ಮರಗಟ್ಟಿಸುವ ಜೆಲ್ ಹಾಕಿ ಕೆಲವು ನಿಮಿಷ ಕಾಯುತ್ತಾರೆ, ನೋಡುವ ಕೆಲಸವೂ ಕೆಲವೇ ನಿಮಿಷಗಳದು. ಒಂದೆರಡು ದಿನ ಮೂತ್ರ ಮಾಡುವಾಗ ಉರಿ ಇರಬಹುದು. ಬಾಗುವ ಉಪಕರಣ ಇದೆಯೇ ಎಂದು ಮೊದಲೇ ವಿಚಾರಿಸಿ. ಅವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ, ತಜ್ಞರು ಸಿಟಿ ಸ್ಕ್ಯಾನನ್ನೂ ಹೇಳಿದರೆ ಅದಕ್ಕೆ ಮುನ್ನ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ಜೊತೆಗಿರಲಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನೂ ತಿಳಿಸಿ; ಆ ಮಾತ್ರೆಯಿಂದಲೇ ರಕ್ತ ಹೋಯಿತೆಂದು ಯಾರಾದರೂ ಹೇಳಿದರೂ ಪರೀಕ್ಷೆ ಬಿಡಬೇಡಿ.

ಮರುಪ್ರಶ್ನೆ (ಅದೇ ಸದಸ್ಯರು): ಧನ್ಯವಾದಗಳು ಸರ್. ಪೆನ್ಸಿಲ್ಲಿನ ಹೋಲಿಕೆ ಹೇಳಿದ ಮೇಲೆ ಅಪ್ಪ ಸ್ವಲ್ಪ ಮೆತ್ತಗಾಗಿದ್ದಾರೆ. ಸೈಟಾಲಜಿಗೆ ಬೆಳಗಿನ ಮೊದಲ ಮೂತ್ರವನ್ನೇ ಹಿಡಿಯಬೇಕೇ?

ಉತ್ತರ: ಬೇಡ. ರಾತ್ರಿಯಿಡೀ ಮೂತ್ರದಲ್ಲಿ ನೆನೆದ ಜೀವಕೋಶಗಳು ಕೆಟ್ಟು ಆಕಾರ ಕಳೆದುಕೊಂಡಿರುತ್ತವೆ. ಮೊದಲ ಮೂತ್ರ ಬಿಟ್ಟು, ನೀರು ಕುಡಿದು ಸ್ವಲ್ಪ ಓಡಾಡಿ, ಎರಡನೆಯ ಸಲದ್ದನ್ನು ಹಿಡಿಯಿರಿ. ಮನೆಯಿಂದ ಒಯ್ದು ದಾರಿಯಲ್ಲಿ ಹೊತ್ತು ಕಳೆಯುವುದಕ್ಕಿಂತ ಲ್ಯಾಬಿನಲ್ಲಿಯೇ ಹಿಡಿದು ಕೊಡುವುದು ಮೇಲು.

ಪ್ರಶ್ನೆ (ಮಂಗಳೂರಿನ ಸದಸ್ಯರು): ನನಗೆ ಕಳೆದ ವರ್ಷ ಕೊಳವೆಯ ಮೂಲಕವೇ ಗಡ್ಡೆ ಕೆರೆದು ತೆಗೆದರು, ಹೈ ಗ್ರೇಡ್ ಎಂದು ವರದಿ ಬಂದಿತ್ತು, ಗಡ್ಡೆ ಮರಳದಂತೆ ಮೂತ್ರಕೋಶದೊಳಗೆ ಹಾಕುವ ಬಿಸಿಜಿ ಔಷಧ ನಡೆಯುತ್ತಿದೆ. ಮೂರು ತಿಂಗಳಿಗೊಮ್ಮೆ ಸಿಸ್ಟೋಸ್ಕೋಪಿ ಮಾಡಿಸಿ ಸಾಕಾಗಿದೆ. ಅದರ ಬದಲು ಮೂತ್ರದ ಜೀನ್ ಪರೀಕ್ಷೆ ಸಾಕೇ?

ಉತ್ತರ: ನಿಮ್ಮ ದಣಿವು ಅರ್ಥವಾಗುತ್ತದೆ. ಆದರೆ ಈ ಗಡ್ಡೆ ಮರುಕಳಿಸುವುದರಲ್ಲಿ ಮುಂದು. ಹೈ ಗ್ರೇಡ್ ಇರುವವರಿಗೆ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಸಿಸ್ಟೋಸ್ಕೋಪಿಯನ್ನೂ ಜೊತೆಗೆ ಸೈಟಾಲಜಿಯನ್ನೂ ಮಾಡಿಸುವುದು ಸ್ಥಾಪಿತ ಕ್ರಮ. ಮೂತ್ರದ ಜೀವಕೋಶಗಳಲ್ಲಿ ಕ್ರೋಮೋಸೋಮ್ 3, 7, 17 ಮತ್ತು 9ರ ಒಂದು ಭಾಗದ ಏರುಪೇರು ನೋಡುವ ಫಿಶ್ (FISH) ಪರೀಕ್ಷೆಯಂಥವು, ಸೈಟಾಲಜಿ ಸಂದೇಹಾಸ್ಪದವಾಗಿ ಬಂದಾಗ ನೆರವಾಗುತ್ತವೆ. ಬದಲಿಯಾಗಿ ಅಲ್ಲ, ಜೊತೆಗೆ. ಕಡಿಮೆ ಅಪಾಯದ ಗಡ್ಡೆ ಇದ್ದವರಿಗೆ ಸಿಸ್ಟೋಸ್ಕೋಪಿಯ ಅಂತರವೇ ದೊಡ್ಡದಿರುತ್ತದೆ. ನಿಮ್ಮದು ಆ ಗುಂಪಲ್ಲ.

ಪ್ರಶ್ನೆ (ತಿರುಪ್ಪೂರಿನಲ್ಲಿರುವ ಕನ್ನಡಿಗ ಸದಸ್ಯರು): ನಾನು ಬಟ್ಟೆಗೆ ಬಣ್ಣ ಹಾಕುವ ಘಟಕದಲ್ಲಿ ಇಪ್ಪತ್ತು ವರ್ಷ ದುಡಿದಿದ್ದೇನೆ. ಯಾವ ತೊಂದರೆಯೂ ಇಲ್ಲ. ಮುನ್ನೆಚ್ಚರಿಕೆಗೆಂದು ಮೂತ್ರದ ಲಿಕ್ವಿಡ್ ಬಯಾಪ್ಸಿ ಮಾಡಿಸಲೇ?

ಉತ್ತರ: ನಿಮ್ಮ ಆತಂಕಕ್ಕೆ ಕಾರಣವಿದೆ. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೆನ್ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗಡ್ಡೆಗಳನ್ನು ವರದಿ ಮಾಡಿದರು. ಬೆಂಜಿಡಿನ್‌ನಂಥ ಆರೊಮ್ಯಾಟಿಕ್ ಅಮೀನ್ ಎಂಬ ರಾಸಾಯನಿಕಗಳು ಅದಕ್ಕೆ ಕಾರಣವೆಂದು ಮುಂದೆ ಸಿದ್ಧವಾಯಿತು. ಮೊದಲೇ ಪತ್ತೆ ಮಾಡುವ ಸಾಧ್ಯತೆಯೂ ಕಟ್ಟುಕಥೆಯಲ್ಲ. ಇರಾನಿನ ಗೊಲೆಸ್ತಾನ್ ಪ್ರಾಂತ್ಯದಲ್ಲಿ ಸುಮಾರು 50,000 ಜನರನ್ನು ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನವೊಂದಿದೆ. ಅವರಲ್ಲಿ ಮುಂದೆ ಮೂತ್ರಕೋಶದ ಕ್ಯಾನ್ಸರ್ ಬಂದ ಕೆಲವರು ಹಿಂದೆ ಕೊಟ್ಟು ಕಾಪಿಟ್ಟಿದ್ದ ಮೂತ್ರದಲ್ಲಿ, ರೋಗ ಪತ್ತೆಯಾಗುವುದಕ್ಕೆ ಹತ್ತು ವರ್ಷದಷ್ಟು ಮೊದಲೇ, ಟರ್ಟ್ ಎಂಬ ಜೀನಿನ ರೂಪಾಂತರ ಕಾಣಿಸಿತ್ತು. ಇದನ್ನು ಮೊದಲು ಓದಿದಾಗ ನನಗೆ ರೋಮಾಂಚನವಾಗಿತ್ತು.

ಆದರೂ ಆರೋಗ್ಯವಂತರೆಲ್ಲರಿಗೂ ಈ ಪರೀಕ್ಷೆ ಎಂದು ನಾನು ಹೇಳಲಾರೆ, ಕಾರಣ ಲೆಕ್ಕದಲ್ಲಿದೆ. ಹತ್ತು ಸಾವಿರ ಜನರಲ್ಲಿ ಹತ್ತು ಮಂದಿಗೆ ರೋಗವಿದೆ, ಪರೀಕ್ಷೆ ರೋಗಿಗಳಲ್ಲೂ ನಿರೋಗಿಗಳಲ್ಲೂ ನೂರಕ್ಕೆ ತೊಂಬತ್ತು ಸರಿ ಎಂದು ಇಟ್ಟುಕೊಳ್ಳೋಣ. ಒಂಬತ್ತು ರೋಗಿಗಳು ಸಿಗುತ್ತಾರೆ; ಅವರೊಂದಿಗೆ ರೋಗವೇ ಇಲ್ಲದ 999 ಮಂದಿಗೂ ‘ಪಾಸಿಟಿವ್’ ಚೀಟಿ ಸಿಗುತ್ತದೆ. ಅವರೆಲ್ಲ ಸಿಸ್ಟೋಸ್ಕೋಪಿಗೆ, ಸ್ಕ್ಯಾನಿಗೆ, ನಿದ್ದೆಯಿಲ್ಲದ ರಾತ್ರಿಗಳಿಗೆ ಹೋಗಬೇಕು. ಮೂತ್ರದ ಕಲ್ಲು, ಸೋಂಕು ಇದ್ದರೂ ಕೆಲವು ಪರೀಕ್ಷೆಗಳು ತಪ್ಪಾಗಿ ಪಾಸಿಟಿವ್ ತೋರುತ್ತವೆ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2025ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಮೂತ್ರದ ಮಾರ್ಕರ್‌ಗಳಿಗೆ, ಅಂದರೆ ಮೂತ್ರದಲ್ಲಿ ಕ್ಯಾನ್ಸರಿನ ಗುರುತು ಹುಡುಕುವ ಇಂಥ ಪರೀಕ್ಷೆಗಳಿಗೆ, ಜಾಗ ಕೊಟ್ಟಿರುವುದು ಸಹ ಬೇರೆ ಕಡೆ: ಸೂಕ್ಷ್ಮದರ್ಶಕದಲ್ಲಿ ಮಾತ್ರ ರಕ್ತಕಣ ಕಂಡ, ಮಧ್ಯಮ ಅಪಾಯದ ವ್ಯಕ್ತಿ ಸಿಸ್ಟೋಸ್ಕೋಪಿ ಬೇಡವೆಂದಾಗ, ವಿಷಯ ತಿಳಿಹೇಳಿ ನಿರ್ಧರಿಸಲು.

ನಿಮಗೆ ಸದ್ಯಕ್ಕೆ ಸಾಧಾರಣ ಮೂತ್ರ ಪರೀಕ್ಷೆ ಸಾಕು. ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ ಮೂರು ಅಥವಾ ಹೆಚ್ಚು ಕೆಂಪು ರಕ್ತಕಣಗಳಿದ್ದರೆ ತಜ್ಞರನ್ನು ಕಾಣಿ, ಎಷ್ಟು ವರ್ಷ ಯಾವ ಬಣ್ಣಗಳ ನಡುವೆ ಇದ್ದಿರೆಂದು ಅವರಿಗೆ ತಪ್ಪದೆ ಹೇಳಿ. ಸಿಗರೇಟೋ ಬೀಡಿಯೋ ಇದ್ದರೆ ಇಂದೇ ಬಿಡಿ. ಕೆಂಪು ಒಂದೇ ಸಲ ಕಂಡರೂ, ಬೀಟ್‌ರೂಟ್ ತಿಂದಿರಲಿಲ್ಲವೆಂದು ನೆನಪು ಮಾಡಿಕೊಂಡು, ಬಣ್ಣ ತಿಳಿಯಾಗುವುದನ್ನು ಕಾಯದೆ ಬನ್ನಿ.