ಸಾಲ್ಮನ್ ಗ್ಲೇಜ್ ಸೀದು ಕಹಿಯಾಗುತ್ತೆ, ಅಣಬೆ ನೀರಾಗುತ್ತೆ: ತಪ್ಪು ಎಲ್ಲಿ?

ಸಂಜೆ_ಅಡುಗೆ:
ಇಬ್ಬರ ರಾತ್ರಿಯೂಟಕ್ಕೆ ಚರ್ಮ ಇರೋ ಸಾಲ್ಮನ್ ಎರಡು ತುಂಡು, ತಲಾ 170 ಗ್ರಾಂ, 2.5 ಸೆಂ.ಮೀ. ದಪ್ಪ. ಜೊತೆಗೆ ಬಟನ್ ಅಣಬೆ 250 ಗ್ರಾಂ. ಗ್ಲೇಜ್‌ಗೆ (ಮೀನಿನ ಮೇಲೆ ಹೊಳಪಾಗಿ ಅಂಟೋ ಸಿಹಿ ಸಾಸ್) ಸೋಯಾ ಸಾಸ್, ಜೇನುತುಪ್ಪ, ಶುಂಠಿ, ಬೆಳ್ಳುಳ್ಳಿ. ಮೀನನ್ನ ಅದರಲ್ಲಿ ಅರ್ಧ ಗಂಟೆ ನೆನೆಸಿ, ಅಣಬೆ ಜೊತೆಗೇ ಬಾಣಲೆಗೆ ಹಾಕಿದ್ರೆ ಹೊರಗೆ ಕಪ್ಪಾಗಿ ಕಹಿ, ಒಳಗೆ ಹಸಿ. ಅಣಬೆ ತನ್ನ ನೀರಲ್ಲೇ ಬೇಯುತ್ತೆ. ಮೀನಿನ ಪಕ್ಕದಿಂದ ಬಿಳಿ ಮೊಸರಿನಂಥದ್ದು ಉಕ್ಕುತ್ತೆ. ಒಂದೇ ಪಾತ್ರೆಯಲ್ಲಿ 30 ನಿಮಿಷದೊಳಗೆ ಮುಗಿಯೋ ಕ್ರಮ ಹೇಳ್ತೀರಾ? ಮಿರಿನ್ (ಜಪಾನಿನ ಸಿಹಿ ಅಡುಗೆ ಮದ್ಯ) ಇಲ್ಲ.

ಕಬ್ಬಿಣದ_ಬಾಣಲೆ:
ಸಾಮಾನು ಸರಿ ಇದೆ, ಹಾಕೋ ಸರದಿ ತಪ್ಪು. ಮೊದಲು ಅಣಬೆ, ಆಮೇಲೆ ಮೀನು, ಗ್ಲೇಜ್ ಕೊನೇ ಎರಡು ನಿಮಿಷಕ್ಕೆ. ಜೇನುತುಪ್ಪ ಸಕ್ಕರೆಗಿಂತ ಬೇಗ ಕಪ್ಪಾಗುತ್ತೆ. ಮೀನು ಬೇಯೋ 8 ನಿಮಿಷವೂ ಬಿಸಿ ಬಾಣಲೆಗೆ ಅಂಟಿಕೊಂಡಿದ್ರೆ ಸೀಯದೆ ಇನ್ನೇನಾಗುತ್ತೆ? ನೆನೆಸೋದನ್ನ ಬಿಡಿ. ಒದ್ದೆ ಮೀನು ಗರಿಯಾಗಲ್ಲ, ತಳ ಹಿಡಿಯುತ್ತೆ.

ಗ್ಲೇಜ್ ಮೊದಲೇ ಬಟ್ಟಲಲ್ಲಿ ಕಲಸಿಡಿ: ಸೋಯಾ ಸಾಸ್ 2 ಟೇಬಲ್ ಚಮಚ (30 ಮಿ.ಲೀ.), ನೀರು 2, ಜೇನುತುಪ್ಪ 1, ನಿಂಬೆರಸ ಅಥವಾ ಅಕ್ಕಿ ವಿನೆಗರ್ 1 ಟೀ ಚಮಚ, ತುರಿದ ಶುಂಠಿ 1 ಟೀ ಚಮಚ, ಬೆಳ್ಳುಳ್ಳಿ ಒಂದು ಎಸಳು. ಮಿರಿನ್ ಕೊಡೋ ಸಿಹಿ, ಹೊಳಪು ಜೇನುತುಪ್ಪದಿಂದಲೇ ಬರುತ್ತೆ. ಜೋನಿಬೆಲ್ಲ ಇದ್ರೆ ಇನ್ನೂ ಒಳ್ಳೇದು. ಡಾರ್ಕ್ ಸೋಯಾ ಬೇಡ, ಅದರ ಬಣ್ಣಕ್ಕೇ ಮೀನು ಸೀದಂತೆ ಕಾಣುತ್ತೆ. ಬೇರೆ ಉಪ್ಪು ಮೀನಿಗೆ ಒಂದು ಚಿಟಿಕೆ, ಅಷ್ಟೇ.

ಅಣಬೆಯನ್ನ ಅರ್ಧ ಸೆಂ.ಮೀ. ದಪ್ಪಕ್ಕೆ ಹೆಚ್ಚಿ, 28 ಸೆಂ.ಮೀ. ಬಾಣಲೆಯಲ್ಲಿ ದೊಡ್ಡ ಉರಿ. ಮೊದಲ 4 ನಿಮಿಷ ಎಣ್ಣೆ ಹಾಕಬೇಡಿ. ನೀರು ಬಿಡುತ್ತೆ, ಬಿಡಲಿ. ಅದು ಪೂರ್ತಿ ಆರಿ ಚರ್ ಅಂದ ಮೇಲೆ 1 ಟೇಬಲ್ ಚಮಚ ಎಣ್ಣೆ ಹಾಕಿ, ಇನ್ನೂ 4 ನಿಮಿಷ ಹುರಿದು ಕಂದು ಬಣ್ಣ ಬಂದಾಗ ತಟ್ಟೆಗೆ ತೆಗೀರಿ. ಬಾಣಲೆ ಚಿಕ್ಕದಾದ್ರೆ ಎರಡು ಸಲ ಮಾಡಿ, ಒಂದರ ಮೇಲೊಂದು ಬಿದ್ದರೆ ಆವಿ ಹೊರಗೆ ಹೋಗಲ್ಲ.

ಮೀನನ್ನ ಪೇಪರ್ ಟವೆಲ್‌ನಲ್ಲಿ ಒತ್ತಿ ಒರೆಸಿ. 1 ಟೇಬಲ್ ಚಮಚ ಎಣ್ಣೆ ಕಾದ ಮೇಲೆ ಚರ್ಮ ಕೆಳಗೆ ಮಾಡಿ ಇಟ್ಟು, ಮೊದಲ 30 ಸೆಕೆಂಡ್ ಸೌಟಿಂದ ಒತ್ತಿ ಹಿಡೀರಿ, ಇಲ್ಲಾಂದ್ರೆ ಚರ್ಮ ಮುದುಡಿ ನಡುಭಾಗ ಬಾಣಲೆಗೆ ತಾಗಲ್ಲ. ಮಧ್ಯಮ ಉರಿ, 5–6 ನಿಮಿಷ, ಮುಟ್ಟಬೇಡಿ. ಎಬ್ಬಿಸೋಕೆ ಹೋದಾಗ ಅಂಟಿಕೊಂಡಿದ್ರೆ ಇನ್ನೂ ಆಗಿಲ್ಲ ಅಂತ. ಗರಿಯಾದ ಚರ್ಮ ತಾನೇ ಬಿಡುತ್ತೆ. ಪಕ್ಕದಿಂದ ನೋಡಿ: ತಿಳಿ ಗುಲಾಬಿ ಬಣ್ಣ ಮುಕ್ಕಾಲು ಭಾಗ ಏರಿದಾಗ ಮಗುಚಿ, 1 ನಿಮಿಷ ಬಿಡಿ. ಮೀನನ್ನ ತಟ್ಟೆಗಿಟ್ಟು, ಹೆಚ್ಚಿನ ಎಣ್ಣೆ ಒರೆಸಿ, ಉರಿ ತಗ್ಗಿಸಿ ಗ್ಲೇಜ್ ಸುರೀರಿ. ಸಣ್ಣ ಗುಳ್ಳೆ ದೊಡ್ಡದಾಗಿ ನಿಧಾನವಾದಾಗ (1–2 ನಿಮಿಷ) ಅಣಬೆ ಹಾಕಿ ಹೊರಳಿಸಿ, ಮೀನನ್ನ ಚರ್ಮ ಕೆಳಗೆ ಮಾಡಿ ಇಟ್ಟು, ಚಮಚದಿಂದ ಗ್ಲೇಜ್ ಎತ್ತಿ ಎತ್ತಿ ಮೇಲೆ ಹುಯ್ಯಿರಿ. ಅರ್ಧ ನಿಮಿಷ ಸಾಕು.

ಪಾಕ ಗೊತ್ತಿದ್ದವರಿಗೆ ಹೇಳೋದಾದ್ರೆ ಜಾಮೂನು ಪಾಕದ ಅಂಟು ಸಾಕು, ಒಂದೆಳೆಗೆ ಹೋಗಬಾರದು. ಆರಿದಾಗ ಇನ್ನೂ ಗಟ್ಟಿಯಾಗುತ್ತೆ. ಹದ ಮೀರಿದ್ರೆ 2 ಚಮಚ ನೀರು ಹಾಕಿ ಸಡಿಲಿಸಬಹುದು, ಕಹಿಯಾಗಿದ್ರೆ ಚೆಲ್ಲಿ.

ಉಪ್ಪಿನ_ಹದ:
ಮೇಲಿನದು ಸರಿ. ಬಿಳಿ ಉಕ್ಕೋದರ ಬಗ್ಗೆ ಮಾತ್ರ ಸೇರಿಸ್ತೀನಿ. ಅದು ಕೊಬ್ಬಲ್ಲ, ಆಲ್ಬುಮಿನ್ ಅನ್ನೋ ಪ್ರೋಟೀನು. ಸ್ನಾಯು ಬಿಸಿಗೆ ಬಿಗಿಯಾದಾಗ ಹೊರಗೆ ಬಂದು ಹೆಪ್ಪುಗಟ್ಟುತ್ತೆ. ತಿನ್ನೋದಕ್ಕೇನೂ ತೊಂದರೆಯಿಲ್ಲ, ಆದ್ರೆ ಬಹಳ ಬಂದ್ರೆ ಉರಿ ಜಾಸ್ತಿ ಆಯ್ತು ಅಥವಾ ಹೊತ್ತು ಮೀರಿತು ಅಂತಲೇ ಲೆಕ್ಕ. 1 ಲೀಟರ್ ನೀರಿಗೆ 50 ಗ್ರಾಂ ಉಪ್ಪು ಕರಗಿಸಿ 10 ನಿಮಿಷ ಮುಳುಗಿಸಿಟ್ಟು ಒರೆಸಿದ್ರೆ ಕಮ್ಮಿಯಾಗುತ್ತೆ. ಅಣಬೆ ಹುರಿಯೋ ಹೊತ್ತಲ್ಲೇ ಇದೂ ಆಗುತ್ತೆ. ಹಾಗೆ ಮಾಡಿದ ದಿನ ಮೇಲಿನ ಚಿಟಿಕೆ ಉಪ್ಪೂ ಬೇಡ.

ಬೆಂದಿದ್ದು ಕಣ್ಣಿಗೆ ತಿಳಿಯಲ್ಲ ಅಂದ್ರೆ ಥರ್ಮಾಮೀಟರ್ ತಗೊಳ್ಳಿ. ಅಮೆರಿಕದ ಸರ್ಕಾರಿ ಸಲಹೆ 63° ಸೆ. ತುಂಬಾ ಜನ 52ಕ್ಕೇ ಇಳಿಸ್ತಾರೆ, ಆಮೇಲೂ ಎರಡು ಮೂರು ಡಿಗ್ರಿ ಏರುತ್ತೆ, ಒಳಗೆ ರಸ ಉಳಿಯುತ್ತೆ. ಗರ್ಭಿಣಿಯರು, ವಯಸ್ಸಾದವರು, ಚಿಕ್ಕ ಮಕ್ಕಳು ಉಣ್ಣೋದಾದ್ರೆ 63 ಬಿಡಬೇಡಿ.

ಫ್ರೀಜರ್ ಮೀನಾದ್ರೆ ಹಿಂದಿನ ರಾತ್ರಿಯೇ ಫ್ರಿಜ್‌ಗೆ ಇಳಿಸಿ. ವ್ಯಾಕ್ಯೂಮ್ ಪ್ಯಾಕ್ ಇದ್ರೆ ಮೊದಲು ಕತ್ತರಿಸಿ ತೆರೀರಿ. ಗಾಳಿಯಿಲ್ಲದ ಚೀಲದಲ್ಲಿ ಬಾಟುಲಿಸಂ ಅನ್ನೋ ಅಪಾಯಕಾರಿ ಆಹಾರ ವಿಷಬಾಧೆ ತರೋ ಬ್ಯಾಕ್ಟೀರಿಯಾ ಫ್ರಿಜ್ ತಣ್ಣಗಲ್ಲೂ ಬೆಳೆಯಬಲ್ಲದು.

ಸಂಜೆ_ಅಡುಗೆ:
ಅಣಬೆಗೆ ನೀರು ತಾಗಿಸಲೇಬಾರದು ಅಂತಾರಲ್ಲ? ಮತ್ತೆ ಎಲ್ಲಾ ಒಂದೇ ಟ್ರೇಯಲ್ಲಿ ಓವನ್‌ಗೆ ತಳ್ಳಿದ್ರೆ?

ಕಬ್ಬಿಣದ_ಬಾಣಲೆ:
ಮಣ್ಣಿದ್ರೆ ತೊಳೀರಿ. ಅಣಬೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರೇ, ಹೆಚ್ಚೋ ಮೊದಲು ಅರ್ಧ ನಿಮಿಷ ತೊಳೆದ್ರೆ ಏನೂ ವ್ಯತ್ಯಾಸವಿಲ್ಲ. ಅದರ ಕೋಶದ ಗೋಡೆಯಲ್ಲಿ ಬಿಸಿಗೆ ಕರಗದ ಕೈಟಿನ್ ಅನ್ನೋ ಗಟ್ಟಿ ನಾರು ಇರೋದರಿಂದ ಬದನೆಕಾಯಿ ಥರ ಕರಗಿ ಮುದ್ದೆ ಆಗೋದೂ ಇಲ್ಲ, ಧೈರ್ಯವಾಗಿ ಹುರೀರಿ. ಶಿಟಾಕೆ ಆದ್ರೆ ತೊಟ್ಟು ಕಿತ್ತು ಬಿಸಾಡಿ, ಚರ್ಮದ ಹಾಗೆ ಇರುತ್ತೆ.

ಓವನ್ ಆಗುತ್ತೆ, ಆದ್ರೆ ಒಂದೇ ಹೊತ್ತಿಗೆ ಅಲ್ಲ. 220°ಯಲ್ಲಿ ಅಣಬೆ, ಎಣ್ಣೆ ಮಾತ್ರ 12 ನಿಮಿಷ. ಆಮೇಲೆ ಬದಿಗೆ ಸರಿಸಿ ಮೀನಿಟ್ಟು 200°ಗೆ ಇಳಿಸಿ 10 ನಿಮಿಷ. ಗ್ಲೇಜ್ ಕೊನೇ 3 ನಿಮಿಷಕ್ಕೆ ಹಚ್ಚಿ. ಅಷ್ಟರಲ್ಲಿ ಓವನ್ ಅದನ್ನ ಬತ್ತಿಸಲ್ಲ, ಮೊದಲೇ ಒಲೆ ಮೇಲೆ ಗಟ್ಟಿ ಮಾಡಿಟ್ಟಿರಬೇಕು. ಅಂದ್ರೆ ಪಾತ್ರೆ ಎರಡಾಯ್ತು! ಚರ್ಮವೂ ಮೆತ್ತಗೇ ಇರುತ್ತೆ. ನನ್ನ ಮತ ಬಾಣಲೆಗೆ.

ಕಡಲ_ದಂಡೆ:
ಊರಲ್ಲಿ ಮಾಡೋರಿಗೆ ಒಂದು ಮಾತು. ಕರಾವಳಿ ಮಾರುಕಟ್ಟೆಯಲ್ಲಿ ಇಂಡಿಯನ್ ಸಾಲ್ಮನ್ ಅಂತ ಕೊಡೋದು ರಾವಸ್, ಸಾಲ್ಮನ್ ಜಾತಿಯೇ ಅಲ್ಲ. ಒಳ್ಳೇ ಮೀನೇ, ಆದ್ರೆ ಕೊಬ್ಬು ಕಮ್ಮಿ, ಹೊತ್ತು ಮೀರಿದ್ರೆ ಬೇಗ ಒಣಗುತ್ತೆ. 2 ಸೆಂ.ಮೀ. ತುಂಡಾದ್ರೆ ಚರ್ಮದ ಕಡೆ 4 ನಿಮಿಷ, ಮಗುಚಿ 1 ನಿಮಿಷ, ಗ್ಲೇಜ್‌ಗೆ ಕೊನೆಯಲ್ಲಿ 1 ಟೀ ಚಮಚ ಬೆಣ್ಣೆ ಸೇರಿಸಿ. ಬ್ಯಾಡಗಿ ಮೆಣಸಿನ ಪುಡಿ ಕಾಲು ಟೀ ಚಮಚ ಬಿದ್ರೆ ಬಣ್ಣಕ್ಕೂ ಆಯ್ತು, ಖಾರವೂ ಮಿತಿಯಲ್ಲೇ ಇರುತ್ತೆ.

ಅನ್ನಕ್ಕೆ ಅಣಬೆ ಹೆಚ್ಚೋ ಮೊದಲೇ ಇಟ್ಟುಬಿಡಿ. ಉಳಿದ ಸಾಲ್ಮನ್ನನ್ನ ಮೈಕ್ರೋವೇವ್‌ಗೆ ಇಡಬೇಡಿ, ಮನೆಯೆಲ್ಲಾ ವಾಸನೆ. ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮಾರನೇ ದಿನ ತಣ್ಣಗೇ ಬಿಡಿಸಿ ಬಿಸಿ ಅನ್ನದ ಮೇಲೆ ಹಾಕ್ಕೊಳ್ಳಿ.