ಪ್ರಶ್ನೋತ್ತರ: ವೈದ್ಯಕೀಯ ಕಾಲೇಜಿನಲ್ಲಿ ಎಂಥ ವಿದ್ಯಾರ್ಥಿಗಳು ಚೆನ್ನಾಗಿ ಬೆಳೆಯುತ್ತಾರೆ?

ಪ್ರಶ್ನೆ (ವಿದ್ಯಾರ್ಥಿನಿಯೊಬ್ಬಳ ತಂದೆ, ನಾಗರಬಾವಿ): ಮೇಡಂ, ನಮಸ್ಕಾರ. ನನ್ನ ಮಗಳಿಗೆ ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಸೀಟು ದೊರೆತಿದೆ. ಹತ್ತನೆಯ ತರಗತಿಯವರೆಗೆ ಅವಳು ಓದಿದ್ದು ಕನ್ನಡ ಮಾಧ್ಯಮದಲ್ಲಿ. ತನಗಿಂತ ಹೆಚ್ಚಿನ ರ‍್ಯಾಂಕ್ ಪಡೆದವರ ನಡುವೆ ಅವಳು ಹಿಂದೆ ಬೀಳುವಳೇ ಎಂಬ ಚಿಂತೆ ನಮಗೆ. ಅಂಥ ಕಾಲೇಜಿನಲ್ಲಿ ಯಾವ ಬಗೆಯ ಮಕ್ಕಳು ಮುಂದೆ ಬರುತ್ತಾರೆ?

ಉತ್ತರ: ನಮಸ್ಕಾರ. ಮೊದಲು ಮಗಳಿಗೆ ನನ್ನ ಅಭಿನಂದನೆ ತಿಳಿಸಿ. ಮೆಡಿಸಿನ್ ವಿಭಾಗದಲ್ಲಿ ಬಹಳ ವರ್ಷ ಪಾಠ ಹೇಳಿದವಳಾಗಿ ಹೇಳುತ್ತೇನೆ, ರ‍್ಯಾಂಕಿನ ವ್ಯತ್ಯಾಸ ಮೊದಲ ಕೆಲವು ತಿಂಗಳಲ್ಲೇ ಕಾಣದಾಗುತ್ತದೆ. ನೀಟ್‌ನಲ್ಲಿ 180 ಪ್ರಶ್ನೆಗಳಿಗೆ ನಾಲ್ಕರಲ್ಲಿ ಒಂದು ಉತ್ತರವನ್ನು ಗುರುತಿಸಿದರೆ ಸಾಕಿತ್ತು. ಇಲ್ಲಿ ಪುಟಗಟ್ಟಲೆ ಉತ್ತರ ಬರೆಯಬೇಕು, ವೈವಾದಲ್ಲಿ ಪರೀಕ್ಷಕರ ಎದುರು ಕುಳಿತು ವಿವರಿಸಬೇಕು, ರೋಗಿಯ ಹೊಟ್ಟೆಯ ಮೇಲೆ ಕೈಯಿಟ್ಟು ಯಕೃತ್ತು ಎಲ್ಲಿಯವರೆಗೆ ತಾಕುತ್ತದೆ ಎಂದು ತೋರಿಸಬೇಕು. ಇದು ಬೇರೆಯೇ ಸಾಮರ್ಥ್ಯ, ಇದನ್ನು ಎಲ್ಲರೂ ಇಲ್ಲಿಗೆ ಬಂದ ಮೇಲೆಯೇ ಕಲಿಯಬೇಕು.

ನಾನು ಕಂಡಂತೆ ಚೆನ್ನಾಗಿ ಬೆಳೆಯುವವರು ರೋಗಿಯ ಮಂಚದ ಬಳಿಗೆ ಮತ್ತೆ ಮತ್ತೆ ಹೋಗುವವರು. ಒಂದು ಸಂಗತಿ ಹೇಳುತ್ತೇನೆ. ಐವತ್ತರ ಆಸುಪಾಸಿನ ರೈತರೊಬ್ಬರು 'ಗ್ಯಾಸ್ಟ್ರಿಕ್ಕು' ಎಂದು ಹೇಳಿಕೊಂಡು ಹೊರರೋಗಿ ವಿಭಾಗಕ್ಕೆ ಬಂದಿದ್ದರು. ನಮ್ಮಲ್ಲಿ ಹೊಟ್ಟೆಯುಬ್ಬರಕ್ಕೂ ಎದೆಯುರಿಗೂ ಎದೆನೋವಿಗೂ ಜನ ಅದೊಂದೇ ಮಾತನ್ನು ಬಳಸುತ್ತಾರೆ. ಅಲ್ಲಿದ್ದ ಮೂವರು ವಿದ್ಯಾರ್ಥಿಗಳಲ್ಲಿ ಇಬ್ಬರು ಆ ಮಾತನ್ನು ಹಾಗೆಯೇ ಬರೆದುಕೊಂಡರು. ಮೂರನೆಯವಳು ಮಾತ್ರ, 'ಎಲ್ಲಿ ಅಂತ ಕೈಯಿಟ್ಟು ತೋರಿಸ್ತೀರಾ ಅಣ್ಣ?' ಎಂದು ಕೇಳಿದಳು. ಅವರು ಮುಷ್ಟಿ ಬಿಗಿಹಿಡಿದು ಎದೆಯ ನಡುವೆ ಒತ್ತಿಕೊಂಡರು. ಹೃದಯದ ರಕ್ತನಾಳ ಕಟ್ಟಿಕೊಂಡಾಗ ರೋಗಿಗಳು ಹೀಗೆ ತೋರಿಸುವುದುಂಟು ಎಂದು ಅವಳು ಪುಸ್ತಕದಲ್ಲಿ ಓದಿದ್ದಳು, ಆದರೆ ಕಣ್ಣಾರೆ ಕಂಡದ್ದು ಅಂದೇ ಮೊದಲು. ತಕ್ಷಣ ಇ.ಸಿ.ಜಿ. ತೆಗೆಸಿದೆವು. ಅದು ಹೃದಯಾಘಾತವೇ ಆಗಿತ್ತು. ಆ ಹುಡುಗಿ ತರಗತಿಯಲ್ಲಿ ಸಾಧಾರಣ ಅಂಕ ಪಡೆಯುತ್ತಿದ್ದವಳು, ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು.

ಆದ್ದರಿಂದ ಭಾಷೆಯ ಬಗ್ಗೆ ನಿಮಗಿರುವ ಚಿಂತೆಯನ್ನು ಅರ್ಧ ಇಳಿಸಿಕೊಳ್ಳಿ. 1955ರಲ್ಲಿ ಆರಂಭವಾದ ಆ ಕಾಲೇಜಿನ ಮಕ್ಕಳು ಕಲಿಯುವುದು 1900ರಿಂದ ನಡೆಯುತ್ತಿರುವ ವಿಕ್ಟೋರಿಯಾ ಆಸ್ಪತ್ರೆಯಲ್ಲಿ, ಮಾರ್ಕೆಟ್ಟಿನ ಪಕ್ಕದಲ್ಲಿ. ಅಲ್ಲಿಗೆ ಬರುವ ಹಳ್ಳಿಯ ತಾಯಿ 'ಸಂಕಟ ಆಗ್ತದೆ' ಎಂದಾಗ ಅದು ವಾಕರಿಕೆಯೋ ಉಸಿರಿನ ತೊಂದರೆಯೋ ಮನಸ್ಸಿನ ನೋವೋ ಎಂದು ಬಿಡಿಸಿ ಕೇಳಲು ನಿಮ್ಮ ಮಗಳಿಗೆ ಬರುತ್ತದೆ. ಉಳಿದರ್ಧ ಚಿಂತೆ ನಿಜವಾದದ್ದು. ಪಠ್ಯಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ, ಮೊದಲ ವರ್ಷ ಸಾವಿರಾರು ಹೊಸ ಪದಗಳು ಒಮ್ಮೆಗೇ ಎದುರಾಗುತ್ತವೆ. ಪದದ ತುಂಡುಗಳನ್ನು ಗುರುತಿಸುವುದನ್ನು ಅವಳು ರೂಢಿಸಿಕೊಳ್ಳಲಿ. 'ಐಟಿಸ್' ಎಂದರೆ ಉರಿಯೂತ, 'ಹೆಪಟ್' ಎಂದರೆ ಯಕೃತ್ತು ಎಂದು ತಿಳಿದ ಮೇಲೆ ಹೆಪಟೈಟಿಸ್ ಹೊಸ ಪದವಾಗಿ ಉಳಿಯುವುದಿಲ್ಲ. ಈ ಬೇರುಗಳು ಗ್ರೀಕ್ ಮತ್ತು ಲ್ಯಾಟಿನ್‌ನವಾದ್ದರಿಂದ ಇಂಗ್ಲಿಷ್ ಮಾಧ್ಯಮದವರಿಗೂ ಅವು ಅಷ್ಟೇ ಅಪರಿಚಿತ.

ಪ್ರಶ್ನೆ (ಪ್ರಥಮ ವರ್ಷದ ವಿದ್ಯಾರ್ಥಿ, ಕೆಂಗೇರಿ): ಮೇಡಂ, ಅನಾಟಮಿಯ ಮೊದಲ ಇಂಟರ್ನಲ್ಸ್‌ನಲ್ಲಿ ನಾನು ಫೇಲಾಗಿದ್ದೇನೆ. ಪಿಯುಸಿಯಲ್ಲಿ ಕಾಲೇಜಿಗೇ ಮೊದಲಿಗನಾಗಿದ್ದೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಉತ್ತರ: ತಮ್ಮಾ, ಇಂದು ರಾತ್ರಿಯೇ ಮನೆಯಲ್ಲಿ ಹೇಳಿ. ಕೋಣೆಯಲ್ಲಿ ಒಬ್ಬರೇ ಹೊತ್ತುಕೊಂಡಿದ್ದರೆ ಅದು ಭಾರವಾಗುತ್ತಲೇ ಹೋಗುತ್ತದೆ, ನಿದ್ದೆ ಕೆಡುತ್ತದೆ, ಮರುದಿನದ ತರಗತಿ ತಪ್ಪುತ್ತದೆ. ಥಿಯರಿಯಲ್ಲಿ ಶೇ. 75, ಪ್ರಾಕ್ಟಿಕಲ್‌ನಲ್ಲಿ ಶೇ. 80 ಹಾಜರಾತಿ ಕಡ್ಡಾಯವಾದ್ದರಿಂದ ತರಗತಿ ತಪ್ಪಿಸಿದವರು ಪರೀಕ್ಷೆಗೇ ಕೂರಲಾಗದ ಸ್ಥಿತಿಗೆ ಬರುತ್ತಾರೆ. ನಾನು ಕಂಡ ಮಟ್ಟಿಗೆ ಕೋರ್ಸಿನಲ್ಲಿ ಹಿಂದುಳಿಯುವುದಕ್ಕೆ ಬುದ್ಧಿಯ ಕೊರತೆಗಿಂತ ಈ ಸರಪಳಿಯೇ ಹೆಚ್ಚಾಗಿ ಕಾರಣ.

ಓದುವ ಕ್ರಮವನ್ನೂ ಬದಲಿಸಿ. ಮುಂಗೈಯ ಸ್ನಾಯುಗಳನ್ನು ಪುಸ್ತಕದಿಂದ ಬಾಯಿಪಾಠ ಮಾಡುವ ಮೊದಲು ಶವಗಳನ್ನು ಬಿಡಿಸಿ ಕಲಿಯುವ ಡಿಸೆಕ್ಷನ್ ಹಾಲ್‌ನಲ್ಲಿ ಸ್ನಾಯುವಿನ ಒಂದು ತುದಿಯನ್ನು ಮೆಲ್ಲನೆ ಎಳೆದು ಯಾವ ಬೆರಳು ಮಡಚುತ್ತದೆ ಎಂದು ನೋಡಿ. ನಂತರ ಮೂರು ನಾಲ್ಕು ಜನ ಸೇರಿ ಒಬ್ಬರಿಗೊಬ್ಬರು ಪುಸ್ತಕ ಮುಚ್ಚಿ ಹೇಳಿಕೊಳ್ಳಿ. ತನಗೆ ಗೊತ್ತಿದೆ ಎಂದುಕೊಂಡದ್ದು ಗೊತ್ತಿಲ್ಲವೆಂದು ತಿಳಿಯುವುದು ಹೀಗೆ ಬಾಯಿಬಿಟ್ಟು ಹೇಳುವಾಗಲೇ. ಅಲ್ಲಿ ಮೇಜಿನ ಮೇಲಿರುವವರಲ್ಲಿ ನಿಮ್ಮ ಕಲಿಕೆಗೆಂದೇ ದೇಹದಾನ ಮಾಡಿದವರೂ ಇರುತ್ತಾರೆ ಎಂಬುದು ಮನಸ್ಸಿನಲ್ಲಿರಲಿ.

ಪ್ರಶ್ನೆ (ತಾಯಿ, ರಾಜಾಜಿನಗರ): ನನ್ನ ಮಗನದು ಮಾತು ಬಹಳ ಕಡಿಮೆ. ವೈದ್ಯನಾಗಲು ಅದು ಅಡ್ಡಿಯಾಗುವುದೇ?

ಉತ್ತರ: ಇಲ್ಲ ಅಮ್ಮಾ. ಮಾತು ಕಡಿಮೆಯಿರುವವರು ರೋಗಿಯ ಮಾತನ್ನು ನಡುವೆ ಕತ್ತರಿಸುವುದಿಲ್ಲ, ಅದು ದೊಡ್ಡ ಗುಣ. ನನಗೆ ಆತಂಕವಾಗುವುದು 'ಗೊತ್ತಿಲ್ಲ' ಎನ್ನಲು ಹೆದರುವ ಮಕ್ಕಳನ್ನು ಕಂಡಾಗ. ವಿದ್ಯಾರ್ಥಿಯಾಗಿದ್ದಾಗ ನಾನೊಮ್ಮೆ ಒಬ್ಬ ರೋಗಿಯ ನಾಡಿಯನ್ನು ಹಿಡಿದು ನೋಡದೆ, ಗೆಳತಿಯ ಪುಸ್ತಕದಿಂದ '72, ಕ್ರಮಬದ್ಧ' ಎಂದು ನಕಲು ಮಾಡಿದ್ದೆ. ನಮ್ಮ ಗುರುಗಳು ಏನೂ ಅನ್ನದೆ ನನ್ನ ಬೆರಳುಗಳನ್ನು ಆ ರೋಗಿಯ ಮಣಿಕಟ್ಟಿನ ಮೇಲೆ ಇಟ್ಟು, ಪೂರ್ತಿ ಒಂದು ನಿಮಿಷ ಎಣಿಸಲು ಹೇಳಿದರು. ಬಡಿತ ಎರಡು ಸಲ ಬೇಗ ಬಂದು, ಒಮ್ಮೆ ತಡೆದು, ಮತ್ತೆ ಯಾವ ಲೆಕ್ಕಕ್ಕೂ ಸಿಗದಂತೆ ಓಡುತ್ತಿತ್ತು. ರುಮ್ಯಾಟಿಕ್ ಜ್ವರದಿಂದ ಆಕೆಯ ಹೃದಯದ ಕವಾಟ ಕಿರಿದಾಗಿತ್ತು. ಅಂದಿನಿಂದ ನಾನೇ ಎಣಿಸದ ನಾಡಿಯನ್ನು ಕೇಸ್ ಶೀಟಿನಲ್ಲಿ ಬರೆದಿಲ್ಲ.

ನಿಮ್ಮ ಮಗನಿಗೆ ಈ ಓದು ತಾನಾಗಿಯೇ ಬೇಕೆನಿಸಿದೆಯೇ ಎಂದು ಮಾತ್ರ ಒಮ್ಮೆ ಕೂರಿಸಿಕೊಂಡು ಕೇಳಿ. ನಾಲ್ಕೂವರೆ ವರ್ಷ ಓದು, ಮೇಲೆ ಒಂದು ವರ್ಷ ಹೌಸ್ ಸರ್ಜನ್ಸಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ ಪಡೆಯುವ ತರಬೇತಿ, ಇದೆ. ಅವನು ಉತ್ತರ ಹೇಳಲು ನಾಲ್ಕು ದಿನ ತೆಗೆದುಕೊಂಡರೂ ಕಾಯಿರಿ.