ಉತ್ತರ ಸಮುದ್ರದ ಸೀಲ್‌ಗಳು: 14 ವರ್ಷ ಆ ವೈರಸ್ ಎಲ್ಲಿತ್ತು?

ಕಡಲತಡಿ:
ಸೀಲ್‌ಗಳಿಗೆ ಮಾರಕವಾದ ಫೋಸಿನ್ ಡಿಸ್ಟೆಂಪರ್ ವೈರಸ್ 1988ರಲ್ಲಿ ಡೆನ್ಮಾರ್ಕಿನ ಆನ್‌ಹೋಲ್ಟ್ ದ್ವೀಪದಲ್ಲಿ ಕಾಣಿಸಿಕೊಂಡು ಸುಮಾರು 23,000 ಹಾರ್ಬರ್ ಸೀಲ್‌ಗಳನ್ನು ಕೊಂದಿತು. 2002ರಲ್ಲಿ ಮತ್ತೆ ಅದೇ ದ್ವೀಪದಿಂದ ಶುರು, ಸತ್ತವು ಸುಮಾರು 30,000. ನಡುವೆ ವೈರಸ್ ಎಲ್ಲಿ ಉಳಿದಿತ್ತು? ಪಕ್ಕದಲ್ಲೇ ಮಲಗುವ ಗ್ರೇ ಸೀಲ್‌ಗಳು ಯಾಕೆ ಸಾಯಲಿಲ್ಲ? ಸಂತತಿ ಚೇತರಿಸಿಕೊಂಡಿತಲ್ಲ, ಹಾಗಾದರೆ ಪರಿಸರಕ್ಕೆ ಇದರಿಂದ ದೊಡ್ಡ ಹಾನಿಯಿಲ್ಲವೇ?

ಸೂಕ್ಷ್ಮದರ್ಶಿ:
ಹಾರ್ಬರ್ ಸೀಲ್‌ಗಳಲ್ಲಂತೂ ಉಳಿದಿರಲಿಲ್ಲ. ಇದು ದಡಾರದ ವೈರಸ್ಸಿನ ಬಳಗದ್ದು. ಸೋಂಕು ತಗುಲಿದ ಪ್ರಾಣಿ ಒಂದೋ ಕೆಲವೇ ವಾರಗಳಲ್ಲಿ ಸಾಯುತ್ತದೆ, ಇಲ್ಲವೇ ಗುಣವಾಗಿ ವರ್ಷಗಟ್ಟಲೆ ರೋಗನಿರೋಧಕ ಶಕ್ತಿ ಪಡೆಯುತ್ತದೆ. ಹೊಸ ಪ್ರಾಣಿ ಸಿಗದೆ ಕೆಲವು ತಿಂಗಳಲ್ಲೇ ಹಾವಳಿ ನಿಂತುಹೋಗುತ್ತದೆ. ಆದರೆ ಆರ್ಕ್‌ಟಿಕ್‌ನ ಹಾರ್ಪ್ ಸೀಲ್‌ಗಳ ರಕ್ತದಲ್ಲಿ 1988ಕ್ಕಿಂತ ಹಿಂದೆಯೇ ಈ ವೈರಸ್ಸಿನ ವಿರುದ್ಧದ ಪ್ರತಿಕಾಯಗಳಿದ್ದವು. ಅವುಗಳ ಹಿಂಡು ಬಹಳ ದೊಡ್ಡದು, ಸೋಂಕು ಆರದೆ ಸುತ್ತುತ್ತಿರುತ್ತದೆ. 1987ರ ಸುಮಾರಿಗೆ ಅವು ಗುಂಪುಗುಂಪಾಗಿ ನಾರ್ವೆಯ ಕರಾವಳಿಗೆ ಇಳಿದಿದ್ದವು.

ಗ್ರೇ ಸೀಲ್‌ಗಳಿಗೂ ಸೋಂಕು ತಗಲುತ್ತದೆ, ಸಾಯುವುದು ಮಾತ್ರ ಅಪರೂಪ. ಮಲಗುವ ಒಂದು ಮರಳುದಿಬ್ಬದಿಂದ ನೂರಾರು ಕಿಲೋಮೀಟರ್ ದೂರದ ಇನ್ನೊಂದಕ್ಕೆ ಹೋಗುವ ಅಭ್ಯಾಸ ಅವಕ್ಕಿದೆ. ವೈರಸ್ಸನ್ನು ಹೊತ್ತು ತಂದವು ಅವೇ ಎಂಬ ಗುಮಾನಿ ಬಲವಾಗಿದೆ. ಆನ್‌ಹೋಲ್ಟ್‌ನಲ್ಲಿ ಗ್ರೇ, ಹಾರ್ಬರ್ ಎರಡೂ ಜಾತಿ ಬೆರೆಯುತ್ತವೆ. 2002ರ ಹೊತ್ತಿಗೆ ಅಲ್ಲಿದ್ದ ಹಾರ್ಬರ್ ಸೀಲ್‌ಗಳಲ್ಲಿ ಹೆಚ್ಚಿನವು 1988ರ ನಂತರ ಹುಟ್ಟಿದವು, ವೈರಸ್ಸಿನ ಪರಿಚಯವೇ ಇಲ್ಲದವು.

ಉಪ್ಪುನೀರು:
ಚೇತರಿಕೆಯ ಮಾತಿಗೆ ಬಂದರೆ, ಸತ್ತವುಗಳ ಲೆಕ್ಕವೊಂದೇ ಸಾಲದು. ಯಾವ ವಯಸ್ಸಿನವು ಸತ್ತವು, ಬೇರೆಡೆಯಿಂದ ಬಂದು ಸೇರುವ ಪ್ರಾಣಿಗಳಿವೆಯೇ ಎಂದು ನೋಡಬೇಕು. ಹಾರ್ಬರ್ ಸೀಲ್ ನಾಲ್ಕೈದು ವರ್ಷಕ್ಕೆ ಬೆದೆಗೆ ಬಂದು ವರ್ಷಕ್ಕೊಂದು ಮರಿ ಹಾಕುತ್ತದೆ. ಬೇಟೆ ನಿಂತಿದ್ದರಿಂದ ಅದರ ಸಂತತಿ ವರ್ಷಕ್ಕೆ ಸುಮಾರು 12% ಬೆಳೆಯಿತು. ಕ್ಯಾಸ್ಪಿಯನ್ ಸೀಲ್‌ಗೆ ಆ ಅದೃಷ್ಟವಿಲ್ಲ. 2000ದಲ್ಲಿ ನಾಯಿಗಳ ಡಿಸ್ಟೆಂಪರ್ ವೈರಸ್ ಅಲ್ಲಿ ಸಾವಿರಾರು ಸೀಲ್‌ಗಳನ್ನು ಕೊಂದಿತು. ಸುತ್ತ ನೆಲವಿರುವ ಆ ಕಡಲಿಗೆ ಹೊರಗಿನಿಂದ ಬಂದು ಸೇರಲು ಆ ಜಾತಿಯ ಸೀಲ್ ಬೇರೆಲ್ಲೂ ಇಲ್ಲ.

ನನ್ನ ಮಟ್ಟಿಗೆ ಅತ್ಯಂತ ಕಳವಳದ ಉದಾಹರಣೆ ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯದ್ವೀಪ. 2023ರಲ್ಲಿ ಎಚ್5ಎನ್1 ಹಕ್ಕಿಜ್ವರದಿಂದ 17,000ಕ್ಕೂ ಹೆಚ್ಚು ಆನೆಸೀಲ್ ಮರಿಗಳು ಸತ್ತವು, ಅಂದರೆ ಆ ವರ್ಷದ ಮರಿಗಳಲ್ಲಿ ಬಹುತೇಕ ಎಲ್ಲವೂ. ಮರಿಗಳಷ್ಟೇ ಹೋದರೆ ಒಂದು ತಲೆಮಾರು ತೆಳುವಾಗುತ್ತದೆ. ಅಲ್ಲಿ ದೊಡ್ಡವೂ ಸತ್ತವು. ಹೆರುವ ಹೆಣ್ಣುಗಳು ಕಡಿಮೆಯಾದರೆ ನಷ್ಟ ದಶಕಗಳವರೆಗೆ ಎಳೆಯುತ್ತದೆ.

ಕಡಲತಡಿ:
ಸತ್ತ ಸೀಲ್‌ನಲ್ಲಿ ಡಿಸ್ಟೆಂಪರ್ ಅಂತ ಖಚಿತಪಡಿಸಲು ಏನೇನು ತೆಗೆಯಬೇಕು?

ಸೂಕ್ಷ್ಮದರ್ಶಿ:
ಶ್ವಾಸಕೋಶ, ದುಗ್ಧರಸ ಗ್ರಂಥಿ, ಗುಲ್ಮ, ಮೂತ್ರಕೋಶ, ಮಿದುಳು. ಪ್ರತಿಯೊಂದರಿಂದ ಎರಡು ತುಂಡು. ಒಂದು ವೈರಸ್ಸಿನ ಆರ್‌ಎನ್‌ಎ ಪತ್ತೆಹಚ್ಚುವ ಆರ್‌ಟಿ-ಪಿಸಿಆರ್ ಪರೀಕ್ಷೆಗೆ, ಮೈನಸ್ 80 ಡಿಗ್ರಿಯಲ್ಲಿ. ಇನ್ನೊಂದು ಅಂಗಾಂಶ ಕೆಡದಂತೆ ಕಾಪಾಡುವ 10% ಬಫರ್ ಫಾರ್ಮಲಿನ್ ದ್ರಾವಣದಲ್ಲಿ. ತುಂಡು 1 ಸೆಂ.ಮೀ.ಗಿಂತ ದಪ್ಪವಿರಬಾರದು, ದ್ರಾವಣ ಅದರ ಹತ್ತುಪಟ್ಟು ಇರಬೇಕು. ದಪ್ಪ ತುಂಡಿನ ಒಳಭಾಗಕ್ಕೆ ಫಾರ್ಮಲಿನ್ ತಲುಪದೆ ಕೊಳೆಯುತ್ತದೆ. ಫಾರ್ಮಲಿನ್‌ಗೆ ಹೋಗುವುದನ್ನು ಫ್ರೀಜ್ ಮಾಡಬೇಡಿ, ಮಂಜುಹರಳು ಜೀವಕೋಶ ಒಡೆಯುತ್ತದೆ.

ಹೆಚ್ಚಾಗಿ ತಪ್ಪುವುದು ಇಲ್ಲಿ: ಶ್ವಾಸಕೋಶದಲ್ಲಿ ಬಾರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ ಬ್ಯಾಕ್ಟೀರಿಯಾ ಸಿಕ್ಕ ಕೂಡಲೇ ತನಿಖೆ ನಿಲ್ಲಿಸುವುದು. ವೈರಸ್ ಬಿಳಿರಕ್ತಕಣಗಳನ್ನು ಕೆಡಿಸಿದ ಮೇಲೆ ಒಳನುಗ್ಗುವುದು ಈ ಬ್ಯಾಕ್ಟೀರಿಯಾ. ಹಕ್ಕಿಜ್ವರದ ಅನುಮಾನವೂ ಇದ್ದರೆ ಮೂಗಿನ ಸ್ವಾಬ್ ಜೊತೆಗೆ ಮಿದುಳನ್ನು ಬಿಡಲೇಬೇಡಿ. ಎನ್95 ಮಾಸ್ಕ್, ಕನ್ನಡಕ, ಎರಡು ಜೊತೆ ಕೈಗವಸು ಹಾಕಿಕೊಂಡೇ ಕೊಯ್ಯಬೇಕು.